ಹೊಲ ಮಾಡುವವರು

ಅವರು ತೀರಿಕೊಂಡ ಸುದ್ದಿ ನನಗೆ ಬಂದದ್ದು ಮೊಬೈಲಿನಲ್ಲಿ, ಕಚೇರಿಯ ಗುಂಪಿನ ಸಂದೇಶವಾಗಿ. 'ನಮ್ಮ ಪ್ರೀತಿಯ ಸರ್ ಇನ್ನಿಲ್ಲಾ, ಅವರ ಆತ್ಮಕ್ಕೆ ಚಿರ ಶಾಂತೀ ಸಿಗಲಿ' ಎಂದಿತ್ತು. ಓದಿದ ತಕ್ಷಣ ಅಳು ಬರಲಿಲ್ಲ. 'ಇನ್ನಿಲ್ಲಾ' ಎಂದು ಎಳೆದದ್ದೇಕೆ, 'ಶಾಂತೀ' ಎಂಬ ದೀರ್ಘ ಎಲ್ಲಿಂದ ಬಂತು ಎಂದು ತಲೆ ಮೊದಲು ಅತ್ತ ಹೋಯಿತು. ಇದನ್ನೆಲ್ಲ ತಿದ್ದುತ್ತಿದ್ದವರೇ ಹೋದರಲ್ಲ ಎಂದು ಆಮೇಲೆ ಹೊಳೆಯಿತು. ಕಲಬುರಗಿಯ ಉರಿಬಿಸಿಲಲ್ಲಿ, ಬಸ್ ನಿಲ್ದಾಣದ ಜನರ ನಡುವೆ ನಿಂತು ಅತ್ತುಬಿಟ್ಟೆ.

ಇಂಧನಕ್ಕೆ ಸಂಬಂಧಪಟ್ಟ ಒಂದು ಸರಕಾರಿ ಕಚೇರಿಯಲ್ಲಿ ನಾನು ಕೆಲಸಕ್ಕೆ ಸೇರಿದಾಗ ಅವರು ಅಲ್ಲಿನ ಪ್ರಚಾರ ವಿಭಾಗದ ಅಧಿಕಾರಿ. ವಿಭಾಗ ಎಂದರೆ ಅವರು, ನಾನು ಮತ್ತು ಮೂಡ್ ಬಂದಾಗ ಮಾತ್ರ ನಡೆಯುವ ಒಂದು ಪ್ರಿಂಟರು. ಬೆಂಗಳೂರಿನಿಂದ ಇಂಗ್ಲಿಷಿನಲ್ಲಿ ಬರುವ ನೀತಿ, ಯೋಜನೆ, ಸುತ್ತೋಲೆಗಳನ್ನು ಕನ್ನಡ ಮಾಡಿ ಹಳ್ಳಿಗಳಿಗೆ ಮುಟ್ಟಿಸುವುದು ನಮ್ಮ ಕೆಲಸ. ಸೇರಿದ ದಿನವೇ ನನ್ನ ರಜೆ ಅರ್ಜಿಯನ್ನು ತಿದ್ದಿ ವಾಪಸು ಕೊಟ್ಟರು. ರಜೆ ಕೊಡಲಿಲ್ಲ. "ಸೇರಿದ ದಿನಾನೇ ರಜಾ ಕೇಳೋದು ತಪ್ಪಲ್ಲವಾ, ಆದ್ರ 'ಅನೂಕೂಲ' ಅಂತ ಬರಿಯೋದು ಭಾಳ ತಪ್ಪು" ಎಂದರು.

ಸಣಕಲು ಎತ್ತರದ ಮೈ, ಹಣೆಯ ಮೇಲೆ ಅಂಗಾರ ಅಕ್ಷತೆ, ಎಷ್ಟೇ ಸೆಖೆ ಇದ್ದರೂ ಕುತ್ತಿಗೆಯ ಗುಂಡಿ ಹಾಕಿದ ಅಂಗಿ. ಮನೆ ಕಲಬುರಗಿಯ ಬ್ರಹ್ಮಪುರದಲ್ಲಿ. ಅಣ್ಣ ಒಂದು ಗುಡಿಯ ಪೂಜೆ ನೋಡಿಕೊಳ್ಳುತ್ತಿದ್ದರು, ಇವರು ನೌಕರಿಗೆ ಬಂದಿದ್ದರು. ತಾಯಿಯ ಜೊತೆ ಮರಾಠಿ, ದೇವರ ಜೊತೆ ಸಂಸ್ಕೃತ, ಬಜಾರಿನಲ್ಲಿ ಅರ್ಧ ಉರ್ದು. "ಜಗಳ ತೆಗೀಬೇಕಂದ್ರ ಮಾತ್ರ ನನಗ ಕನ್ನಡಾನೇ ಬೇಕು, ಬ್ಯಾರೆ ಭಾಷಾದಾಗ ಮೈಯಾಗ ಬಿಸಿ ಬರಂಗಿಲ್ಲ" ಎನ್ನುತ್ತಿದ್ದರು. ಜಗಳವನ್ನಂತೂ ದಿನಾ ತೆಗೆಯುತ್ತಿದ್ದರು, ಬಹುಪಾಲು ಬೋರ್ಡುಗಳ ಜೊತೆ.

ಕಪನೂರದ ಕೈಗಾರಿಕಾ ಪ್ರದೇಶಕ್ಕೆ ಒಮ್ಮೆ ಅವರ ಸ್ಕೂಟರಿನ ಹಿಂದೆ ಕೂತು ಹೋಗಿದ್ದೆ. ಮೋಟಾರು ಸುತ್ತುವ ಒಂದು ಅಂಗಡಿಯ ಮುಂದೆ ಗಕ್ಕನೆ ಬ್ರೇಕು ಹಾಕಿದರು. ನಾಯಿ ಅಡ್ಡ ಬಂತೇನೋ ಎಂದುಕೊಂಡೆ, ಯಾಕೆಂದರೆ ನಾಯಿಗೆ ಅವರು ವಿಪರೀತ ಹೆದರುತ್ತಿದ್ದರು. ಅಡ್ಡ ಬಂದದ್ದು ಬೋರ್ಡು: 'ಇಲ್ಲಿ ಮೋಟಾರ ದುರುಸ್ಥಿ ಮಾಡಲಾಗುವದು.' ಅಂಗಡಿಯವನನ್ನು ಹೊರಗೆ ಕರೆದು ಪಾಠ ಶುರು ಮಾಡಿದರು. ಅವನು ಕೈಯ ಗ್ರೀಸು ಒರೆಸಿಕೊಳ್ಳುತ್ತ, "ಸಾಬ್, ಅಕ್ಷರ ಗಲತ್ ಇದ್ರ ಇರ್ಲಿ ಬಿಡ್ರಿ, ಮೋಟಾರ್ ತಿರಗ್ತದೋ ಇಲ್ಲೋ ಅದನ್ನ ಕೇಳ್ರಿ" ಎಂದ. ಮುಂದಿನ ವಾರ ಇವರೇ ಮನೆಯಿಂದ ಪೇಂಟು, ಬ್ರಶ್ಶು ತಂದು ಬೋರ್ಡು ತಿದ್ದಿದರು. ಪ್ಯಾಂಟಿನ ಮೇಲೆ ಬಿದ್ದ ಹಸಿರು ಬಣ್ಣ ಹೋಗಲೇ ಇಲ್ಲ. ಅದೇ ಪ್ಯಾಂಟು ಹಾಕಿಕೊಂಡು ಜಿಲ್ಲಾ ಮಟ್ಟದ ಸಭೆಗೂ ಬರುತ್ತಿದ್ದರು.

ಎಲ್ಲೇ ಹೋದರೂ ಮನೆಯ ನೀರಿನ ಬಾಟಲಿ ಅವರ ಜೊತೆ ಇರುತ್ತಿತ್ತು. ಹಳ್ಳಿಗಳಲ್ಲಿ ಯಾರಾದರೂ ನೀರು ತಂದರೆ ಕೈಮುಗಿದು ಬಾಟಲಿ ತೋರಿಸುತ್ತಿದ್ದರು. ನಾನು ಮಹಾಗಾಂವದ ಬೌದ್ಧರ ಓಣಿಯಲ್ಲಿ ಬೆಳೆದವಳು, ಇಂಥದ್ದು ನನ್ನ ಕಣ್ಣಿಗೆ ಬೇಗ ಬೀಳುತ್ತದೆ. ಅದು ಮಡಿಯ ಬಾಟಲಿಯೋ, ಹೊಟ್ಟೆ ಕೆಡುವ ಹೆದರಿಕೆಯ ಬಾಟಲಿಯೋ ನನಗೆ ಕೊನೆಗೂ ತಿಳಿಯಲಿಲ್ಲ. ಕೇಳಲೂ ಇಲ್ಲ. ನನ್ನ ಡಬ್ಬಿಯ ಹಿಂಡಿಪಲ್ಯವನ್ನಂತೂ ಕೇಳದೆ ತೆಗೆದುಕೊಂಡು ತಿನ್ನುತ್ತಿದ್ದರು.

ಬೆಂಗಳೂರಿನಿಂದ ಹೊಸ ನೀತಿ ಬಂತು. ಕಲ್ಲಿದ್ದಲಿನ ಕರೆಂಟು ಕಡಿಮೆ ಮಾಡಿ ಬಿಸಿಲಿನ, ಗಾಳಿಯ ಕರೆಂಟು ಹೆಚ್ಚಿಸುತ್ತ ಹೋಗಬೇಕು, ದೇಶ ಎರಡು ಸಾವಿರದ ಎಪ್ಪತ್ತಕ್ಕೆ 'ನೆಟ್ ಝೀರೋ' ಮುಟ್ಟಬೇಕು ಎಂಬುದು ಅದರ ತಿರುಳು. ಕನ್ನಡದಲ್ಲಿ 'ನಿವ್ವಳ ಶೂನ್ಯ' ಎಂದು ಬರೆಯಿರಿ ಎಂದು ಮೇಲಿನಿಂದಲೇ ಅಪ್ಪಣೆಯಾಗಿತ್ತು. ಇವರು ಅದನ್ನು ಓದಿ, "ಎಪ್ಪತ್ತರ ಹೊತ್ತಿಗೆ ನಾ ಅಂತೂ ನಿವ್ವಳ ಶೂನ್ಯ ಆಗೇ ಇರ್ತೀನವಾ, ನೀ ನೋಡ್ಕೋ" ಎಂದು ನಕ್ಕಿದ್ದರು.

ಆ ಪದವೇ ನಮಗೆ ಮುಳುವಾಯಿತು. ಮಹಾಗಾಂವದ ಸಭೆಯಲ್ಲಿ 'ನಿವ್ವಳ ಶೂನ್ಯದೆಡೆಗೆ ನಮ್ಮೂರು' ಎಂಬ ಬ್ಯಾನರು ಕಟ್ಟಿದ್ದೆವು. ಮುಂದೆ ಕೂತಿದ್ದ ಹಿರಿಯರೊಬ್ಬರು ಅಕ್ಷರ ಕೂಡಿಸಿ ಓದಿ ಎದ್ದು ನಿಂತರು. "ಯಾಕ್ರೀ ಸಾಹೇಬ್ರ, ನಮ್ಮೂರು ಏನು ಮಾಡ್ಯಾದಂತ ಶೂನ್ಯ ಮಾಡಾಕತ್ತೀರಿ? ಇದ್ದ ಕರೆಂಟೂ ತೆಗೀತೀರೇನು?" ಸಭೆಯಲ್ಲಿ ಗದ್ದಲವೋ ಗದ್ದಲ. ಸರಕಾರ ಊರಿಗೆ ಸೊನ್ನೆ ಕೊಟ್ಟಿದೆ ಎಂದು ಹಿಂದಿನವರಿಗೆ ಸುದ್ದಿ ಹೋಯಿತು. ಇವರು ಬ್ಯಾನರಿನ ಕೆಳಗೆ ನಿಂತು ಕೈಯೆತ್ತಿದರು. "ಶೂನ್ಯ ಬಿಡ್ರಿ. ಬರೋಬರ್ ಅನ್ರಿ. ಮ್ಯಾಲ ನಾವು ಎಷ್ಟು ಹೊಗಿ ಬಿಡ್ತೀವಿ, ಗಿಡ, ಮಣ್ಣು ಅಷ್ಟೂ ವಾಪಸ್ ಎಳಕೋಬೇಕು. ಬಿಟ್ಟದ್ದು, ಎಳಕೊಂಡದ್ದು ಬರೋಬರ್. ಅಷ್ಟೇ ಅದರ ಅರ್ಥ." ಹಿರಿಯರು, "ಹಂಗಂತ ಬರೀಬೇಕಿಲ್ರಿ ಮತ್ತ" ಎಂದು ಕೂತರು.

ವಾಪಸು ಬರುವ ಬದಲು ಮುಂದೆ ಕಮಲಾಪುರಕ್ಕೆ ಹೋಗಿ ಸ್ಕೂಟರು ನಿಲ್ಲಿಸಿ ಕೆಂಪು ಬಾಳೆಹಣ್ಣು ಕೊಂಡರು. ಆ ಹಣ್ಣೆಂದರೆ ಅವರಿಗೆ ಪ್ರಾಣ. ಸಂತೋಷವಾದರೂ ತಿನ್ನುತ್ತಿದ್ದರು, ಬೇಜಾರಾದರೂ ತಿನ್ನುತ್ತಿದ್ದರು. ಸಿಪ್ಪೆ ಸುಲಿಯುತ್ತ, "ಇಷ್ಟು ದಿನ ನಾ ಬರ್ದದ್ದೆಲ್ಲಾ ನಾನೇ ಓದ್ಲಾಕ ಬರ್ದೀನಿ ಕಾಣಸ್ತದ" ಎಂದರು. ಇನ್ನು ಮುಂದೆ ಕರಪತ್ರಗಳಲ್ಲಿ ಕಚೇರಿ ಕನ್ನಡ ಬೇಡ, ಊರವರ ಮಾತನ್ನೇ ಹಾಕೋಣ ಎಂದು ಅಲ್ಲೇ ತೀರ್ಮಾನವಾಯಿತು.

ಆ ತೀರ್ಮಾನದ ಮೇಲೆ ಬಂದ ಮೊದಲ ಕರಪತ್ರವೇ ಸೌರ ಸ್ಥಾವರಗಳದ್ದು. ಕರೆಂಟಿನ ಉಪಕೇಂದ್ರಗಳ ಹತ್ತಿರದ ಹೊಲಗಳನ್ನು ದೀರ್ಘ ಅವಧಿಗೆ ಲಾವಣಿಗೆ, ಅಂದರೆ ಗುತ್ತಿಗೆಗೆ ಪಡೆದು ಅಲ್ಲಿ ಸೋಲಾರ್ ಫಲಕ ಹಾಕುವ ಯೋಜನೆ. ಸುತ್ತಲಿನ ಪಂಪ್‌ಸೆಟ್ಟುಗಳಿಗೆ ಹಗಲು ಹೊತ್ತಿನಲ್ಲೇ ಕರೆಂಟು ಸಿಗುತ್ತದೆ, ಹೊಲ ಕೊಟ್ಟವರಿಗೆ ಪ್ರತಿ ವರ್ಷ ಆದಾಯ ಬರುತ್ತದೆ. ಇಂಗ್ಲಿಷಿನಲ್ಲಿ ಭೂಮಿಯ ಒಡೆಯರು ಎಂಬರ್ಥದ ಪದವಿತ್ತು. 'ಭೂಹಿಡುವಳಿದಾರರು' ಎಂದು ಬರೆಯುವುದು ರೂಢಿ. ಇವರು ಅದನ್ನು ಹೊಡೆದುಹಾಕಿ, 'ಹೊಲ ಮಾಡುವವರಿಗೆ ವರ್ಷಾವರ್ಷ ಖಾತ್ರಿ ಆದಾಯ. ಹೊಲ ಮಾಡುವವರು ಕಮಲಾಪುರದ ಸಭೆಗೆ ಬಂದು ಹೆಸರು ಬರೆಸಿರಿ' ಎಂದು ಹಾಕಿದರು. ನಾನು ಆ ವಾರ ರಜೆಯಲ್ಲಿದ್ದೆ. ಬರುವಷ್ಟರಲ್ಲಿ ಕರಪತ್ರ ಅಚ್ಚಾಗಿ, ಸರಕಾರದ ಮುದ್ರೆ ಹೊತ್ತು ಊರೂರಿಗೆ ಹೋಗಿಬಿಟ್ಟಿತ್ತು.

ನಮ್ಮ ಕಡೆ 'ಹೊಲ ಮಾಡುವುದು' ಎಂದರೆ ಉಳುವುದು, ಬಿತ್ತುವುದು, ಕಳೆ ತೆಗೆಯುವುದು, ರಾಶಿ ಮಾಡುವುದು. ಹೊಲ ಯಾರದೇ ಇರಲಿ. ಮಹಾಗಾಂವದಲ್ಲಿ ನನ್ನ ಸಣ್ಣವ್ವ, ಅಂದರೆ ಅವ್ವನ ತಂಗಿ, ಗಂಡ ಇದ್ದಾಗಿನಿಂದಲೂ ಕಲಬುರಗಿಯಲ್ಲಿರುವ ಮಾಲೀಕರೊಬ್ಬರ ಹೊಲವನ್ನು ಪಾಲಿಗೆ ಮಾಡುತ್ತಿದ್ದಾಳೆ. ಬಂದ ತೊಗರಿ, ಜೋಳದಲ್ಲಿ ಅವರಿಗೊಂದು ಪಾಲು, ಇವಳಿಗೊಂದು ಪಾಲು. ಆ ಮಾಲೀಕರು ಹೊಲವನ್ನು ಸೋಲಾರಿಗೆ ಕೊಡುತ್ತಾರಂತೆ ಎಂಬ ಸುದ್ದಿ ಕೇಳಿದ ದಿನದಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. ಹೊಲ ಹೋದರೆ ಅವಳ ಬದುಕೇ ಹೋಗುತ್ತಿತ್ತು, ಕಾಗದದ ಮೇಲೆ ಅವಳ ಹೆಸರು ಎಲ್ಲಿಯೂ ಇರಲಿಲ್ಲ. ಅಂಥ ಹೊತ್ತಿನಲ್ಲಿ ಯಾರೋ ಅವಳಿಗೆ ಈ ಕರಪತ್ರ ಓದಿ ಹೇಳಿದ್ದರು.

ಸಭೆಯ ದಿನ ನಾನು ಕಮಲಾಪುರದ ಸಭಾಭವನದ ಬಾಗಿಲಲ್ಲಿದ್ದೆ. ಮಾಲೀಕರು ಕಾರು, ಬೈಕುಗಳಲ್ಲಿ ಬಂದು ಮುಂದಿನ ಕುರ್ಚಿಗಳಲ್ಲಿ ಕೂತರು. ಆಮೇಲೆ ಟೆಂಪೋಗಳು ಬಂದವು. ಇಳಿದವರು ಪಾಲಿಗೆ ಹೊಲ ಮಾಡುವವರು, ಕಳೆ ತೆಗೆಯುವ ಹೆಂಗಸರು. ಹಬ್ಬಕ್ಕೆಂದು ಇಟ್ಟಿದ್ದ ಸೀರೆ ಉಟ್ಟುಕೊಂಡು ಬಂದಿದ್ದರು. ಎಲ್ಲರ ಮುಂದೆ ನಮ್ಮ ಸಣ್ಣವ್ವ, ಕೈಯಲ್ಲಿ ಮಡಿಚಿದ ಕರಪತ್ರ. ನನ್ನನ್ನು ನೋಡಿ ನಕ್ಕಳು. ಅವರೆಲ್ಲ ಯಾಕೆ ಬಂದಿದ್ದಾರೆಂದು ನನಗೆ ಆಗ ಹೊಳೆಯಿತು.

ವೇದಿಕೆಯ ಮೇಲೆ ನಮ್ಮ ಹಿರಿಯ ಅಧಿಕಾರಿ, ಕಂಪನಿಯ ಕಡೆಯವನೊಬ್ಬ ಮತ್ತು ಇವರು. ಹಿರಿಯ ಅಧಿಕಾರಿ ಮೈಕಿನಲ್ಲಿ, "ಇದು ಮಾಲೀಕರ ಸಭೆ, ಉಳಿದವರು ದಯವಿಟ್ಟು ಹೊರಗಿರಬೇಕು" ಎಂದರು. ಯಾರೂ ಕದಲಲಿಲ್ಲ. ಸಣ್ಣವ್ವ ಮುಂದೆ ಹೋದಳು.

"ಸಾಹೇಬ್ರ, ನೀವೇ ಕರದೀರಿ, ಬಂದೀವಿ. ಹೊಲ ಮಾಡೋರು ಬರ್ರಿ ಅಂತ ಬರ್ದೀರಿ. ಇವ್ರು ಹೊಲ ಇದ್ದೋರು. ಹೊಲ ಮಾಡೋರು ನಾವು."

ಮುಂದಿನ ಸಾಲಿನಲ್ಲಿ ಒಂದಿಬ್ಬರು ಜೋರಾಗಿ ನಕ್ಕರು. ಕಂಪನಿಯವನಿಗೆ ಏನೂ ತಿಳಿಯದೆ ಅವನೂ ನಕ್ಕ. ಇವರು ಮಾತ್ರ ನಗಲಿಲ್ಲ. ಕರಪತ್ರ ತೆಗೆದು, ತಾವೇ ಬರೆದ ಸಾಲನ್ನು ಮೊದಲ ಸಲ ನೋಡುವವರ ಹಾಗೆ ಓದಿದರು. ಮುಖದ ಬಣ್ಣ ಹೋಗಿತ್ತು. ಜೀವಮಾನವಿಡೀ ಇನ್ನೊಬ್ಬರ ತಪ್ಪು ಹಿಡಿದ ಮನುಷ್ಯ ತುಂಬಿದ ಸಭೆಯಲ್ಲಿ ಸಿಕ್ಕಿಬಿದ್ದಿದ್ದರು. ಹಿರಿಯ ಅಧಿಕಾರಿ ಬಗ್ಗಿ, "ಅಚ್ಚಿನ ತಪ್ಪು ಅಂತ ಹೇಳಿ ಮುಗಿಸ್ರಿ" ಎಂದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ಇವರು ಮೈಕು ತಮ್ಮ ಕಡೆ ಎಳೆದುಕೊಂಡರು. "ಅಚ್ಚಿನ ತಪ್ಪಲ್ರಿ. ಬರೋಬರ್ ಅದ. ಈ ಹೆಣ್ಮಗಳು ಹೇಳೋದೂ ಬರೋಬರ್ ಅದ." ನನ್ನ ಕಡೆ ತಿರುಗಿದರು. "ಇವರೆಲ್ಲರ ಹೆಸರು ಬರಕೊಳ್ಳವಾ. ಯಾರ ಹೊಲ, ಯಾವಾಗಿಂದ ಮಾಡಾಕತ್ತಾರ, ಅದನ್ನೂ ಬರಿ."

ಮಾಲೀಕರು ಎದ್ದು ಕೂಗಾಡಿದರು. ಪಾಲಿನವರಿಗೂ ಹಕ್ಕು ಹುಟ್ಟಿಸುತ್ತೀರೇನು ಎಂದು ಒಬ್ಬರು ವೇದಿಕೆಗೇ ಏರಿ ಬಂದರು. ಹಿರಿಯ ಅಧಿಕಾರಿ ಸಭೆ ಮುಂದೂಡಿದರು. ನಾನು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು ಹೆಸರು ಬರೆದುಕೊಂಡೆ. ಹೆದರಿಕೆಯ ಜೊತೆ ಖುಷಿಯೂ ಆಗುತ್ತಿತ್ತು.

ಇದರ ಬೆಲೆ ಏನೆಂದು ಆಮೇಲೆ ಗೊತ್ತಾಯಿತು. ಇಂಧನಕ್ಕೆ ಸಂಬಂಧಿಸಿದ ಪದಗಳಿಗೆ ಕನ್ನಡ ರೂಪ ನಿಗದಿ ಮಾಡಲು ಬೆಂಗಳೂರಿನಲ್ಲಿ ಒಂದು ಪದಕೋಶ ಸಮಿತಿ ರಚನೆಯಾಗುತ್ತಿತ್ತು, ನಮ್ಮ ಭಾಗದಿಂದ ಇವರ ಹೆಸರು ಹೋಗಿತ್ತು. ಅವರಿಗೆ ನೌಕರಿಯಲ್ಲಿ ಬಡ್ತಿಯ ಆಸೆ ಇರಲಿಲ್ಲ, ಈ ಸಮಿತಿಯ ಆಸೆ ಇತ್ತು. ಕಲಬುರಗಿಯ ಮಾತು ನಾಲ್ಕಾದರೂ ಅದರಲ್ಲಿ ಸೇರಿಸಿಯೇ ಸೈ ಎಂದು ಹೆಂಡತಿಗೂ ಹೇಳಿದ್ದರು, ಪೋಸ್ಟ್‌ಮನ್ನಿಗೂ ಹೇಳಿದ್ದರು. ಈಗ ಹಿರಿಯ ಅಧಿಕಾರಿ ಕರೆದು ನೇರವಾಗಿ ಹೇಳಿದರು: ಕರಪತ್ರದಲ್ಲಿ ಪದ ತಪ್ಪಾಗಿದೆ ಎಂದು ಲಿಖಿತವಾಗಿ ಒಪ್ಪಿಕೊಂಡರೆ ತಿದ್ದುಪಡಿ ಹೊರಡಿಸಿ ಬಿಡೋಣ. ಇಲ್ಲವಾದರೆ, ಮಾಲೀಕರು ಯಾರು, ದುಡಿಯುವವರು ಯಾರು ಎಂದು ಗೊತ್ತಿಲ್ಲದವರನ್ನು ಪದಕೋಶಕ್ಕೆ ಹೇಗೆ ಕಳಿಸುವುದು?

ಆ ಭಾನುವಾರ ಬ್ರಹ್ಮಪುರದ ಮನೆಗೆ ಹೋದೆ. ಅವರ ಮಾಳಿಗೆಯ ಮೇಲೆ ಸೋಲಾರ್ ಫಲಕ ಇರಲಿಲ್ಲ. ಊರಿಗೆಲ್ಲ ಬೋಧನೆ ಮಾಡುವವರ ಮನೆಯಲ್ಲೇ ಇಲ್ಲವಲ್ಲ ಎಂದು ನಾನು ಯಾವಾಗಲೂ ಕಾಡಿಸುತ್ತಿದ್ದೆ. ಅವರ ಮನೆಯವರು, "ಮಾಳಿಗಿ ಮ್ಯಾಲಿನ ಬಿಸಲು ಮೊದ್ಲ ನನ್ನ ಹಪ್ಪಳಕ್ಕ, ಆಮ್ಯಾಲ ಇವ್ರ ಸರಕಾರಕ್ಕ" ಎನ್ನುತ್ತಿದ್ದರು. ಅವತ್ತೂ ಅವರು ಹಪ್ಪಳ ಹರವುತ್ತಿದ್ದರು. ಸರ್ ನೆರಳಿನಲ್ಲಿ ಕೂತು ಮಂಡಕ್ಕಿಯ ಸುಸಲಾ ತಿನ್ನುತ್ತಿದ್ದರು. ನನಗೂ ಒಂದು ತಾಟು ಬಂತು.

"ಖರೇ ಹೇಳ್ರಿ ಸರ್, ಬೇಕಂತ್ಲೇ ಹಂಗ ಬರ್ದಿದ್ರೇನು?" ಎಂದು ಕೇಳಿದೆ.

"ಛೇ, ಇಲ್ಲವಾ. ಮಾಲಕ್ರು ಅಂತ್ಲೇ ತಿಳಕೊಂಡು ಬರ್ದಿದ್ದೆ. ನಮ್ಮ ಮನಿತನದಾಗ ಹೊಲ ಇದ್ದವು, ಹೊಲ ಯಾರೂ ಮಾಡಿಲ್ಲ. ಆ ಫರಕ್ಕು ನನಗ ಹೆಂಗ ಗೊತ್ತಾಗಬೇಕು? ನಿಮ್ಮ ಸಣ್ಣವ್ವ ನಿಂತು ಹೇಳಿದಾಗ ಗೊತ್ತಾತು."

"ಹಂಗಾರ ತಪ್ಪಾಗ್ಯಾದಂತ ಬರ್ದು ಕೊಟ್ಟು ಸಮಿತಿಗಿ ಹೋಗ್ರಲ್ಲ ಸರ್. ಪಾಲಿನವ್ರ ಸಲುವಾಗಿ ಬ್ಯಾರೆ ದಾರಿ ನೋಡೋಣು."

"ಬ್ಯಾರೆ ದಾರಿ ಎಲ್ಲದ? ಅವ್ರ ಕೈಯಾಗ ಸರಕಾರದ ಮುದ್ರಿ ಇದ್ದ ಕಾಗದ ಅದೊಂದೇ ಅದ. ಅದನ್ನ ಗಲತ್ ಅಂದ್ರ ಅವ್ರ ಹೆಸರೂ ಗಲತ್ ಆಗ್ತದ." ತಾಟನ್ನು ಕೆಳಗಿಟ್ಟು ಹೇಳಿದರು. "ಬರದಂವ ತಪ್ಪಿದಾನ, ಬರದದ್ದು ತಪ್ಪಿಲ್ಲ. ಇದನ್ನ ಏನಂತ ತಿದ್ದಲವಾ ನಾನು?"

ಆ ಸಮಿತಿ ಅವರಿಗೆ ಎಷ್ಟು ಬೇಕಾಗಿತ್ತು ಎಂಬುದು ನನಗೆ ಗೊತ್ತಿತ್ತು, ಹಪ್ಪಳ ಹರವುವುದನ್ನು ನಿಲ್ಲಿಸಿ ನಿಂತಿದ್ದ ಅವರ ಮನೆಯವರಿಗೂ ಗೊತ್ತಿತ್ತು.

ಅವರು ಬರೆದುಕೊಟ್ಟ ಉತ್ತರ ಚಿಕ್ಕದು. ನೀತಿಯ ಮುನ್ನುಡಿಯಲ್ಲೇ, ಈ ಬದಲಾವಣೆಯಿಂದ ಯಾರ ಬದುಕು ಕದಲುತ್ತದೆಯೋ ಅವರನ್ನು ಬಿಟ್ಟು ಮುಂದೆ ಹೋಗಬಾರದು ಎಂಬರ್ಥದ ಒಂದು ಸಾಲಿತ್ತು. ಅನುವಾದ ಮಾಡುವಾಗ ನಾವೆಲ್ಲ ಅಲಂಕಾರದ ಮಾತೆಂದು ಬಿಟ್ಟುಬಿಡುತ್ತಿದ್ದ ಸಾಲು. ಅದನ್ನೇ ಹಿಡಿದು, ಕರಪತ್ರದಲ್ಲಿ ಪದ ಸರಿಯಾಗಿದೆ, ನೀತಿಯ ಉದ್ದೇಶಕ್ಕೆ ತಕ್ಕಂತಿದೆ, ಹೆಸರು ಬರೆಸಿದವರ ಕೋರಿಕೆಯನ್ನು ಪರಿಗಣಿಸಬೇಕು ಎಂದು ಬರೆದರು. ಉತ್ತರದಲ್ಲಿ ಹಿರಿಯ ಅಧಿಕಾರಿಯ ಪತ್ರದ ಎರಡು ಕಾಗುಣಿತದ ತಪ್ಪುಗಳನ್ನೂ ತೋರಿಸಿದ್ದರು. ಅದೊಂದನ್ನು ಬಿಡ್ರಿ ಸರ್ ಎಂದು ನಾನು ಬೇಡಿಕೊಂಡರೂ ಕೇಳಲಿಲ್ಲ.

ಕಡತ ಬೆಂಗಳೂರಿಗೆ ಹೋಯಿತು, ಬಂತು, ಮತ್ತೆ ಹೋಯಿತು. ಇವರು ಪ್ರತಿ ಸಲ ಅದರ ಬೆನ್ನು ಹತ್ತಿದರು. ಫೋನು ಮಾಡಿದರು, ರೈಲು ಹತ್ತಿ ಹೋದರು, ಎತ್ತಿದ ದನಿ ಇಳಿಸಲಿಲ್ಲ. ಸಮಿತಿಗೆ ಬೇರೆ ಜಿಲ್ಲೆಯವರೊಬ್ಬರು ಹೋದರು. ಇವರ ಹೆಸರಿನ ಮುಂದೆ ಭಾಷಾಜ್ಞಾನ ಸಾಲದು ಎಂದು ಷರಾ ಬಿತ್ತು. ಆ ಷರಾ ಬಂದ ದಿನ ಕಚೇರಿಯಲ್ಲಿ ತಾವೇ ಎಲ್ಲರಿಗೂ ಓದಿ ಹೇಳಿ ನಗಿಸಿದರು. ಸಂಜೆ ಕೆಂಪು ಬಾಳೆಹಣ್ಣು ತಂದು ಕೊಟ್ಟರೆ, "ಬ್ಯಾಡವಾ" ಎಂದರು. ಅವರು ಅದನ್ನು ಬೇಡವೆಂದದ್ದು ನಾನು ಕಂಡದ್ದು ಅವತ್ತೊಂದೇ ದಿನ.

ನಿವೃತ್ತಿಗೆ ಸ್ವಲ್ಪ ಮುಂಚೆ ಆದೇಶ ಬಂತು. ಆದಾಯದಲ್ಲಿ ಪಾಲು ಕೊಡಲಿಲ್ಲ. ಆದರೆ ಆ ಸ್ಥಾವರಗಳಲ್ಲಿ ಹುಲ್ಲು ತೆಗೆಯುವ, ಫಲಕ ತೊಳೆಯುವ, ಕಾಯುವ ಕೆಲಸ ಮೊದಲು ಆ ಹೊಲ ಮಾಡುತ್ತಿದ್ದವರಿಗೇ ಸಲ್ಲಬೇಕು, ಸ್ಥಾವರ ಇರುವವರೆಗೆ ಅವರನ್ನು ಬಿಡಿಸುವಂತಿಲ್ಲ ಎಂದಿತ್ತು. ಎಲ್ಲರಿಗೂ ಸಾಲುವಷ್ಟು ಕೆಲಸ ಇರಲಿಲ್ಲ. ಕೆಲವರು ಕಪನೂರದ ಬೇಳೆ ಮಿಲ್ಲುಗಳಿಗೆ ಹೋದರು. ಸಣ್ಣವ್ವನಿಗೆ ಸಿಕ್ಕಿತು. ಇವರು ಆದೇಶ ಓದಿ, ಎಲ್ಲರಿಗೂ ಆಗಲಿಲ್ಲವಲ್ಲ ಎಂದು ಕೊರಗಿದರೇ ಹೊರತು ಗೆದ್ದೆ ಎನ್ನಲಿಲ್ಲ. ನಿವೃತ್ತಿಯಾದ ಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಹೃದಯ ಕೈಕೊಟ್ಟಿತು.

ಯಾರೇ ತೀರಿಕೊಂಡರೂ, ನಾವೇ ಹೋಗಿ ಸುದ್ದಿ ಮುಟ್ಟಿಸಬೇಕಾದ ಒಬ್ಬರು ಯಾವಾಗಲೂ ಉಳಿದಿರುತ್ತಾರೆ. ಮರುದಿನ ನಸುಕಿನಲ್ಲೇ ನಾನು ಮಹಾಗಾಂವದ ಬಸ್ಸು ಹತ್ತಿದೆ. ಫಲಕಗಳನ್ನು ಬಿಸಿಲೇರುವ ಮುಂಚೆ ತೊಳೆಯಬೇಕು, ಹಾಗಾಗಿ ಮುಂಜಾನೆಯೇ ಸಣ್ಣವ್ವ ಕೆಲಸದಲ್ಲಿದ್ದಳು. ತೊಗರಿ ಇದ್ದ ಕಡೆ ನೀಲಿ ಸಾಲುಗಳು. ಪೈಪು ಹಿಡಿದು ನೀರು ಬಿಡುತ್ತ ಬಂದಳು. ಸರ್ ಹೋದರು ಎಂದೆ. ಪೈಪನ್ನು ಕೆಳಗೆ ಹಾಕಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕೂತಳು. ನೀರು ಸುಮ್ಮನೆ ಹರಿಯುತ್ತಿತ್ತು, ನಾನು ಹೋಗಿ ನಲ್ಲಿ ಬಂದ್ ಮಾಡಿ ಬಂದೆ.

ಕಣ್ಣೊರೆಸಿಕೊಂಡು ಅವಳು ಕೇಳಿದಳು. "ಯವ್ವಾ, ಆ ಸಾಹೇಬ್ರಿಗಿ ಕನ್ನಡ ಬರೋಬರ್ ಬರ್ತಿದ್ದಿಲ್ಲಂತ, ಅದಕ್ಕೇ ಬೆಂಗಳೂರಿನ ದೊಡ್ಡ ಕೆಲಸಾ ಕೊಡಲಿಲ್ಲಂತ. ಮಂದಿ ಅಂತಾರ. ಖರೇ ಏನು?"

"ಹೌದು, ಹಂಗಂತ ಬರ್ದಾರ" ಎಂದೆ.

ಸಣ್ಣವ್ವ ತಲೆಯಾಡಿಸಿದಳು. ಎದ್ದು ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಪೈಪು ಎತ್ತಿಕೊಂಡಳು.

"ಇರಬಹುದವ್ವ, ಅದೆಲ್ಲಾ ನಮಗೇನು ತಿಳೀತದ. ಆದ್ರ ಸರಕಾರದವ್ರು ಬರ್ದದ್ದು ನಮಗ ತಿಳದದ್ದು ಅದೊಂದೇ ಸಲ ನೋಡು."